ಅಟ್ಟದ ಕೆಳಗಿನ ಬ್ಯಾಂಕು

ತುರುವೇಕೆರೆಯಲ್ಲಿ ಬ್ಯಾಂಕ್ ಮ್ಯಾನೇಜರ್ ಎಂದರೆ ಮೂರು ವರ್ಷದ ನೆಂಟ. ಮೊದಲ ವರ್ಷ ಅವರಿಗೆ ಊರು ತಿಳಿಯುವುದಿಲ್ಲ. ಎರಡನೆಯ ವರ್ಷ ಊರಿನವರು ಎಳನೀರು ಕುಡಿಸಿ ಸಾಲದ ಅರ್ಜಿ ಕೊಡುತ್ತಾರೆ. ಮೂರನೆಯ ವರ್ಷ ಅವರು ವರ್ಗಾವಣೆ ಪಟ್ಟಿಯ ಹಾದಿ ಕಾಯುತ್ತಾ, ಆ ಅರ್ಜಿಯನ್ನು ಮುಂದೆ ಬರುವವರು ನೋಡಿಕೊಳ್ಳಲಿ ಎಂದು ಎತ್ತಿಡುತ್ತಾರೆ. ಮುಂದೆ ಬಂದವರು, ‘ಇದು ಹಳೇದಾಯ್ತು, ಹೊಸದಾಗಿ ಬರ್ಕೊಂಡು ಬನ್ನಿ’ ಎನ್ನುತ್ತಾರೆ. ಈ ಸುತ್ತು ನಮ್ಮವರಿಗೆ ಎಷ್ಟು ಒಗ್ಗಿದೆಯೆಂದರೆ, ನಮ್ಮ ತೋಟದ ಪಕ್ಕದ ಗೌಡರು ಮಗಳ ಮದುವೆ ಸಾಲಕ್ಕೆ ಅವಳು ಪಿಯುಸಿಯಲ್ಲಿ ಓದುವಾಗಲೇ ಅರ್ಜಿ ಹಾಕಿದ್ದರು. ಸಾಲ ಸಿಕ್ಕಿದ್ದು ಮೊಮ್ಮಗನ ನಾಮಕರಣದ ಹೊತ್ತಿಗೆ.

ನಾನೂ ಊರೂರು ತಿರುಗಿದ ಅಂಥ ನೆಂಟನೇ. ಕೊನೆಯ ಪೋಸ್ಟಿಂಗ್ ಮಾತ್ರ ಸ್ವಂತ ಊರಿಗೆ ಸಿಕ್ಕಿತು. ನಾನಿದ್ದ ಬ್ಯಾಂಕಿನ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಆ ಹೆಸರಿನ ಬ್ಯಾಂಕು ಈಗಿಲ್ಲ.

ನೌಕರರನ್ನು ಉಳಿಸಿಕೊಳ್ಳುವುದು ಹೇಗೆಂದು ಈಗ ಬ್ಯಾಂಕುಗಳು ತಲೆ ಕೆಡಿಸಿಕೊಂಡಿವೆ. ದೊಡ್ಡ ಹೋಟೆಲುಗಳಲ್ಲಿ ಇದಕ್ಕೆಂದೇ ಸಭೆ ನಡೆಸಿ ಊಟ ಹಾಕುತ್ತಾರೆ. ನಮ್ಮ ಕಾಲದಲ್ಲಿ ವಿಷಯ ಉಲ್ಟಾ ಇತ್ತು. ನೌಕರರು ಉಳಿದರು, ಬ್ಯಾಂಕುಗಳೇ ಬಿಟ್ಟುಹೋದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬರೋಡದ ಪಾಲಾಯಿತು. ಮರುವರ್ಷ ಅದೇ ತಾರೀಕು ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಹೋಯಿತು, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ. ಎಲ್ಲವೂ ಏಪ್ರಿಲ್ ಒಂದರಂದೇ. ಮೊದಲ ಸಲ ಸುದ್ದಿ ಬಂದಾಗ ನಮ್ಮ ಕ್ಯಾಷಿಯರ್ ನೋಟು ಎಣಿಸುವುದನ್ನು ನಿಲ್ಲಿಸದೆಯೇ, ‘ಬಿಡಿ ಸಾರ್, ತಾರೀಕು ನೋಡಿ’ ಎಂದು ನಕ್ಕಿದ್ದರು.

ನಮ್ಮ ಜಿಲ್ಲೆಯ ಕಲ್ಪತರು ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಸೊಗಸು. ತೆಂಗಿನ ಹೆಸರನ್ನೇ ಹೊತ್ತ ಬ್ಯಾಂಕು ಅದು. ಮೊದಲು ಕಾವೇರಿ ಕಲ್ಪತರು ಆಯಿತು. ಆಮೇಲೆ ಕಲ್ಪತರು ಉದುರಿ ಬರೀ ಕಾವೇರಿ ಉಳಿಯಿತು. 2019ರಲ್ಲಿ ಕಾವೇರಿಯೂ ಬತ್ತಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಸೇರಿ, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಎಂದಾಯಿತು. ಅಲ್ಲಿದ್ದ ನನ್ನ ಗೆಳೆಯರೊಬ್ಬರು ಹೆಚ್ಚುಕಡಿಮೆ ಅದೇ ಮೇಜು, ಅದೇ ಫ್ಯಾನಿನ ಕೆಳಗೆ ಕೂತು ಇಷ್ಟೂ ಬ್ಯಾಂಕುಗಳ ಸಂಬಳ ತಿಂದರು. ಈಗಿನ ಹುಡುಗರು ಬಯೋಡೇಟಾದಲ್ಲಿ ನಾಲ್ಕು ಬ್ಯಾಂಕು ತೋರಿಸಬೇಕಾದರೆ ನಾಲ್ಕು ಸಲ ರಾಜೀನಾಮೆ ಬರೆಯಬೇಕು. ನಮ್ಮವರು ಕುರ್ಚಿಯಿಂದ ಏಳದೆಯೇ ಸಾಧಿಸಿದರು. ಬೋರ್ಡು ಬದಲಾದಾಗಲೆಲ್ಲ ಪೇಂಟರ್ ಬರುತ್ತಿದ್ದ, ಅವನೊಬ್ಬನಿಗೆ ಲಾಭ. ಊರಿನವರಂತೂ ಯಾವ ಬೋರ್ಡನ್ನೂ ಲೆಕ್ಕಕ್ಕಿಟ್ಟಿಲ್ಲ. ಸ್ಟೇಟ್ ಬ್ಯಾಂಕಿನ ಮುಂದೆ ನಿಂತೇ ‘ಮೈಸೂರ್ ಬ್ಯಾಂಕ್ ತಾವ ಇದೀನಿ, ಬಾ’ ಎಂದು ಫೋನಿನಲ್ಲಿ ಹೇಳುತ್ತಾರೆ, ಬರಬೇಕಾದವನು ಸರಿಯಾಗಿ ಅಲ್ಲಿಗೇ ಬರುತ್ತಾನೆ.

ಆಗ ಬ್ಯಾಂಕು ಸೇರಿದವರು ಬಿಡುತ್ತಿರಲಿಲ್ಲ. ಅಪ್ಪಿತಪ್ಪಿ ಯಾರಾದರೂ ಬಿಟ್ಟರೆ ಊರಿನಲ್ಲಿ ಮೊದಲು ಏಳುತ್ತಿದ್ದ ಪ್ರಶ್ನೆ, ‘ಎಷ್ಟು ಎತ್ತಾಕಿದ್ನಂತೆ?’ ಹೆಣ್ಣಿನ ಕಡೆಯವರು ಬ್ಯಾಂಕ್ ಹುಡುಗ ಎಂದರೆ ಹುಡುಗನ ಮುಖ ನೋಡುತ್ತಿರಲಿಲ್ಲ, ಸಂಬಳದ ಚೀಟಿ ನೋಡುತ್ತಿದ್ದರು. ಅದು ನನ್ನಂಥವರಿಗೆ ದೊಡ್ಡ ಅನುಕೂಲವಾಯಿತು. ಕೂತಲ್ಲೇ ಕೂತವರು ಏನಾದರೊಂದು ಮಾಡಬೇಕಲ್ಲ. ಕೆಲವರು ಯೂನಿಯನ್ ಕಟ್ಟಿದರು, ಕೆಲವರು ಕೇರಂ ಆಡಿದರು, ಕೆಲವರು ಕವಿತೆ ಬರೆದರು. ಹನಿಗವಿ ಡುಂಡಿರಾಜರು ಕಾರ್ಪೊರೇಷನ್ ಬ್ಯಾಂಕಿನಲ್ಲಿದ್ದವರು. ಅವರನ್ನು ನೋಡಿ ಎಷ್ಟು ಬ್ಯಾಂಕುಗಳ ಎಷ್ಟು ಗುಮಾಸ್ತರು ಚಲನ್ನಿನ ಹಿಂಬದಿಯಲ್ಲಿ ಪ್ರಾಸ ಕೂಡಿಸಿದರೋ, ಯಾವ ಆಡಿಟ್ಟಿನಲ್ಲೂ ಬರಲಿಲ್ಲ.

ಒಂದು ಸಲ ಬ್ಯಾಂಕುಗಳೇ ‘ಹೋಗಿ ಮಾರಾಯ್ರೆ’ ಎಂದು ಕೈಮುಗಿದದ್ದೂ ಉಂಟು. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಎದ್ದು ಹೋಗುವವರಿಗೆ ಕೈತುಂಬಾ ದುಡ್ಡು. ಸುಮಾರು ಒಂದು ಲಕ್ಷ ಮಂದಿ ಹೋದರು. ಕೆಲಸ ಬಾರದವರು ತೊಲಗಲಿ ಎನ್ನುವುದು ಮೇಲಿನವರ ಎಣಿಕೆಯಾಗಿತ್ತು. ಆದರೆ ಹೊರಗೆ ಇನ್ನೊಂದು ಕೆಲಸ ಸಿಗುವ ಧೈರ್ಯವಿದ್ದದ್ದು ಕೆಲಸ ಬರುವವರಿಗೆ. ಅವರು ಚೆಕ್ಕು ಇಸಿದುಕೊಂಡು ಹೊರಟರು. ನಾವು ಉಳಿದೆವು.

ಹೀಗೆ ಉಳಿಯುವುದೆಂದರೆ ಏನು ಎಂಬುದು ಉಂಡೆ ಕೊಬ್ಬರಿ ಮಾಡುವ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೆರಡು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ. ಒಳಗಿನ ನೀರು ಇಂಗುತ್ತದೆ. ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ, ಆದರೆ ಹೊರಗೆ ಬರುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಮೂವತ್ತು ವರ್ಷ ಸರ್ವೀಸಾದ ನಮ್ಮನ್ನು ಯಾರಾದರೂ ಹಿಡಿದು ಅಲ್ಲಾಡಿಸಿದ್ದರೆ ಅದೇ ಸದ್ದು ಕೇಳುತ್ತಿತ್ತು. ಬ್ಯಾಂಕಿನಲ್ಲೇ ಇದ್ದೆವು, ಬ್ಯಾಂಕಿಗೆ ಅಂಟಿಕೊಂಡಿರಲಿಲ್ಲ.

ಈಗಿನ ಹುಡುಗರು ಅಟ್ಟ ಹತ್ತುವುದೇ ಇಲ್ಲ. ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನಲ್ಲಿ ಹೊರತಂದ ವರದಿಯಲ್ಲಿ, ಆಯ್ದ ಖಾಸಗಿ ಬ್ಯಾಂಕು ಮತ್ತು ಕಿರು ಹಣಕಾಸು ಬ್ಯಾಂಕುಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಸರಾಸರಿ ಶೇ 25ರಷ್ಟಿದೆ ಎಂದು ಬರೆದು ಎಚ್ಚರಿಸಿದೆ. ಅಂದರೆ ನಾಲ್ಕು ಟೈಗಳಲ್ಲಿ ಒಂದು ಟೈ ವರ್ಷ ತುಂಬುವುದರೊಳಗೆ ಬೇರೆ ಬ್ಯಾಂಕಿನ ಕೊರಳಲ್ಲಿರುತ್ತದೆ. ನಮ್ಮ ನೆಂಟರ ಪೈಕಿ ಒಂದು ಹೆಣ್ಣಿಗೆ ಖಾಸಗಿ ಬ್ಯಾಂಕಿನ ಹುಡುಗ ಗೊತ್ತಾದ. ಹೆಣ್ಣು ನೋಡಲು ಬಂದಾಗ ಒಂದು ಬ್ಯಾಂಕು, ನಿಶ್ಚಿತಾರ್ಥಕ್ಕೆ ಇನ್ನೊಂದು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ಹುಡುಗಿಯ ತಂದೆ ಫೋನು ಮಾಡಿ, ‘ಬ್ಯಾಂಕಿನ ಹೆಸರು ಏನಂತ ಹಾಕ್ಸನ ಅಳಿಯಂದ್ರೆ?’ ಎಂದು ಕೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ, ‘ಬರೀ ಬ್ಯಾಂಕಿಂಗ್ ಕ್ಷೇತ್ರ ಅಂತ ಹಾಕ್ಸಿ ಮಾವ’ ಎಂದನಂತೆ. ಜಾಣ. ಮದುವೆಯ ದಿನಕ್ಕೆ ಮೂರನೆಯದು ಸೇರಿದ್ದ.

ನಮ್ಮ ಅಕ್ಕನ ಮಗನ ಕಥೆ ಬೇರೆ. ಅವನದು ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡಿರುವ ಪರದೇಶದ ಬ್ಯಾಂಕು. ಆ ಬ್ಯಾಂಕಿನ ಒಂದು ಶಾಖೆಯನ್ನೂ ಅವನು ಕಣ್ಣಾರೆ ಕಂಡಿಲ್ಲ, ಅಲ್ಲಿ ಅವನ ಖಾತೆಯೂ ಇಲ್ಲ. ಅಲ್ಲಿನ ಗಿರಾಕಿಗಳು ದುಡ್ಡು ಹಾಕುವುದು, ತೆಗೆಯುವುದು, ಕಳಿಸುವುದು ಇವನ ಪರದೆಯ ಮೇಲೆ ಹಾದುಹೋಗುತ್ತದೆ; ಅನುಮಾನ ಬಂದರೆ ಗುರುತು ಹಾಕಿ ಮೇಲಕ್ಕೆ ಕಳಿಸಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕಂಪನಿಯ ಲ್ಯಾಪ್‌ಟಾಪು ಎತ್ತಿಕೊಂಡು ಊರಿಗೆ ಬಂದ. ಬಾಣಸಂದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಅಕ್ಕನ ಹಳ್ಳಿ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಒಂದೇ, ಕಾಯಿ ಅಟ್ಟದ ಕೆಳಗಿನದು. ಅದು ಬ್ಯಾಂಕಾಯಿತು.

ಪರದೇಶದವರ ದುಡ್ಡಿನ ಗುಟ್ಟು ಹೊರಬೀಳಬಾರದಲ್ಲ, ಕೋಣೆಯ ನಾಲ್ಕೂ ಗೋಡೆ, ಬಾಗಿಲು, ಕಿಟಕಿ, ಸೂರು ಎಲ್ಲದರ ಫೋಟೋ ಕಳಿಸು ಎಂದರು. ಕಳಿಸಿದ. ಸೂರಿನ ಫೋಟೋ ನೋಡಿದ ಮೇಲಿನವರಿಗೆ ಗಾಬರಿಯಾಯಿತು. ಹಲಗೆಗಳ ಸಂದಿಯಲ್ಲಿ ಸಾವಿರಾರು ಕಾಯಿ ಇಣುಕುತ್ತಿದ್ದವು. ಇದೇನು, ತಲೆಯ ಮೇಲೆ ಬಿದ್ದರೆ ಯಾರು ಜವಾಬ್ದಾರಿ ಎಂದು ಪತ್ರವ್ಯವಹಾರ ನಡೆಯಿತು. ‘ನಮ್ಮ ತಾತನ ಕಾಲದಿಂದ ಬಿದ್ದಿಲ್ಲ’ ಎಂದು ಇವನು ಬರೆದುಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಆದರೆ ಒಂದು ಷರತ್ತು: ಕೆಲಸದ ಹೊತ್ತಿನಲ್ಲಿ ಕೋಣೆಯೊಳಗೆ ನರಪಿಳ್ಳೆ ಕಾಲಿಡಬಾರದು.

ಅಟ್ಟಕ್ಕೆ ಹತ್ತುವ ಏಣಿ ಇದ್ದದ್ದು ಅದೇ ಕೋಣೆಯಲ್ಲಿ.

ತಿಪಟೂರಿನಲ್ಲಿ ಆಗ ಕೊಬ್ಬರಿ ಹರಾಜು ಬುಧವಾರ ಮತ್ತು ಶನಿವಾರ ನಡೆಯುತ್ತಿತ್ತು. ಶನಿವಾರದ ಹರಾಜಿಗೆ ಹೋಗಬೇಕಾದರೆ ವಾರದ ನಡುವೆಯೇ ಕಾಯಿ ಇಳಿಸಿ, ಸುಲಿದು, ಒಡೆದು, ಚೀಲ ಕಟ್ಟಿಡಬೇಕು. ವಾರದ ನಡುವೆ ಬ್ಯಾಂಕು ತೆರೆದಿರುತ್ತದೆ, ಏಣಿ ಸಿಗುವುದಿಲ್ಲ. ಹೀಗಾಗಿ ಆ ಎರಡು ವರ್ಷ ಅಕ್ಕನ ಮನೆಯ ಕೊಬ್ಬರಿಯೆಲ್ಲ ಭಾನುವಾರ ಇಳಿದು ಬುಧವಾರದ ಹರಾಜಿಗೇ ಹೋಯಿತು. ಶನಿವಾರ ಒಂದು ಸಲ ರೇಟು ಚೆನ್ನಾಗಿ ಎದ್ದಾಗ ಭಾವ ಅಂಗಳದಲ್ಲಿ ನಿಂತು ಪರದೇಶದ ಆ ಬ್ಯಾಂಕನ್ನು ನಮ್ಮ ಕಡೆಯ ಭಾಷೆಯಲ್ಲಿ ಬೈದರು. ಒಳಗಿದ್ದವನು ಆಗ ಮೀಟಿಂಗಿನಲ್ಲಿದ್ದ. ಧ್ವನಿ ಆಚೆಗೂ ಹೋಯಿತಂತೆ. ಅರ್ಥವಾಗಲಿಲ್ಲವೆಂಬುದು ಪುಣ್ಯ.

ಅಕ್ಕನ ಅತ್ತೆಗೆ ಮೊಮ್ಮಗನ ಉದ್ಯೋಗದ ಮೇಲೆ ಗೌರವವೇ ಇರಲಿಲ್ಲ. ‘ಯಾರೋ ಪರದೇಶದೋರ ಮನೆ ದುಡ್ಡಿಗೆ ಇವ್ನು ಕಾವ್ಲು ಕುಂತವ್ನೆ. ನಮ್ ತ್ವಾಟಕ್ಕೆ ಮಂಗ ಬಿದ್ದು ಎಳನೀರೆಲ್ಲ ಕಿತ್ತಾಕಿದ್ರೂ ಎದ್ ಬರಕಿಲ್ಲ’ ಎನ್ನುತ್ತಿದ್ದರು. ಬೀದಿಯವರದು ಇನ್ನೊಂದು ಥರ. ಹಗಲು ಹೊತ್ತಿನಲ್ಲಿ ಬರ್ಮುಡಾ ಹಾಕಿಕೊಂಡು ಓಡಾಡುವ ಎಂಜಿನಿಯರನ್ನು ಕಂಡು, ‘ಯಾಕಕ್ಕ, ನಿನ್ ಮಗನ್ನ ಕೆಲ್ಸದಿಂದ ತೆಗುದ್ರಾ?’ ಎಂದು ಮರುಗುವರು. ಇಲ್ಲ ಮನೆಯಿಂದಲೇ ಮಾಡ್ತವ್ನೆ ಎಂದು ಅಕ್ಕ ಹೇಳಿದರೆ, ಬಿಡು, ಹೇಳ್ಕಳಕಾಗಲ್ಲ ಪಾಪ ಎನ್ನುವ ಹಾಗೆ ತಲೆಯಾಡಿಸುವರು. ಆ ಕಾಲದಲ್ಲೇ ಒಂದು ಸಂಬಂಧವೂ ಇದೇ ಕಾರಣಕ್ಕೆ ತಪ್ಪಿತು. ಹೆಣ್ಣಿನ ತಾಯಿ, ‘ಹುಡ್ಗ ಕೆಲ್ಸಕ್ಕೇ ಹೋಗಲ್ವಂತೆ, ಮನೇಲೇ ಇರ್ತಾನಂತೆ’ ಎಂದು ಹೇಳಿ ಕಳಿಸಿದರು.

ಅವನು ಅಟ್ಟದ ಕೆಳಗೆ ಕೂತಿದ್ದಾಗ ನಾನು ಶಾಖೆಯಲ್ಲಿದ್ದೆ. ಪ್ರಧಾನ ಕಚೇರಿಗಳಲ್ಲಿ ಮನೆಯಿಂದ ಕೆಲಸದ ಮಾತು ನಡೆಯುತ್ತಿತ್ತು, ಸ್ಟೇಟ್ ಬ್ಯಾಂಕಂತೂ ಎಲ್ಲಿಂದ ಬೇಕಾದರೂ ಕೆಲಸ ಮಾಡುವ ಏರ್ಪಾಟನ್ನೇ ಯೋಚಿಸಿತ್ತು. ಶಾಖೆಗಳಿಗೆ ಆ ಯೋಗವಿಲ್ಲ, ನಾವು ಅಗತ್ಯ ಸೇವೆ. 2020ರ ಏಪ್ರಿಲಿನಿಂದ ಮೂರು ತಿಂಗಳು ಜನಧನ್ ಖಾತೆಯ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿ ಬಂತು. ನೂಕುನುಗ್ಗಲು ಬೇಡವೆಂದು ಖಾತೆಯ ಕೊನೆಯ ಅಂಕೆಯ ಮೇಲೆ ದಿನ ಹಂಚಿದ್ದರು: ಸೊನ್ನೆ, ಒಂದು ಇದ್ದವರು ಏಪ್ರಿಲ್ 3ಕ್ಕೆ, ಎರಡು, ಮೂರು ಇದ್ದವರು ಮಾರನೆಯ ದಿನ, ಹೀಗೆ. ದೆಹಲಿಯಲ್ಲಿ ಕೂತವರಿಗೆ ಸರಿಯಾಗಿಯೇ ಕಂಡಿರಬೇಕು. ನಮ್ಮಲ್ಲಿ ಖಾತೆಯ ಅಂಕೆ ಗೊತ್ತಿದ್ದವರು ಯಾರು? ಎಲ್ಲರೂ ಮೂರನೆಯ ತಾರೀಕೇ ಬಂದರು. ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಮೊದಲು ಚೀಲ ಕೂತವು, ಆಮೇಲೆ ಚಪ್ಪಲಿ ಕೂತವು. ಮನುಷ್ಯರು ಹುಣಸೆಮರದ ನೆರಳಿನಲ್ಲಿ ಒತ್ತೊತ್ತಾಗಿ ಕೂತರು. ಒಬ್ಬ ಅಜ್ಜಿ ಕಿಟಕಿಯ ಹತ್ತಿರ ಬಂದು ನನ್ನನ್ನೇ ದಿಟ್ಟಿಸಿ ಕೇಳಿದಳು:

‘ನಿಮ್ ದೊಡ್ ಸಾಹೇಬ್ರು ಮನೇಲ್ ಕುಂತ್ಕಂಡೇ ಕೆಲ್ಸ ಮಾಡ್ತಾರಂತೆ, ಹೌದಾ ಸಾಮಿ?’

‘ಹೌದಜ್ಜಿ.’

‘ಹಂಗಾರೆ ನಾನೂ ಮನೇಲ್ ಕುಂತ್ಕಂಡೇ ದುಡ್ಡು ಇಸ್ಕಂತೀನಿ. ಕಳ್ಸಿ.’

ನಮ್ಮ ಬ್ಯಾಂಕ್ ಮಿತ್ರನನ್ನು ಕಳಿಸಿದೆ. ಅವನು ಮೊಪೆಡ್ಡಿನಲ್ಲಿ ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಹೋದ. ಅಜ್ಜಿಯ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಆಯಸ್ಸೆಲ್ಲ ಕಾಯಿ ಸುಲಿದು, ನಾರು ಬಿಡಿಸಿದ ಬೆರಳು. ಅಚ್ಚು ಅಲ್ಲೇ ಸವೆದುಹೋಗಿತ್ತು. ತೊಳೆಸಿ, ಒರೆಸಿ, ಸೆರಗಿಗೆ ಉಜ್ಜಿಸಿ, ಹತ್ತೂ ಬೆರಳು ಇಡಿಸಿ ಕೊನೆಗೆ ಎಡಗೈಯ ಕಿರುಬೆರಳು ಹತ್ತಿತಂತೆ. ‘ಅದೊಂದೇ ಸಾ ಕೆಲ್ಸ ಮಾಡ್ದಿರೋ ಬೆರಳು’ ಎಂದು ಬಂದು ವರದಿ ಒಪ್ಪಿಸಿದ.

ಈ ಬ್ಯಾಂಕ್ ಮಿತ್ರ ನಮ್ಮ ನೌಕರನಲ್ಲ. ಅವನಿಗೆ ವ್ಯವಹಾರಕ್ಕಿಷ್ಟು ಎಂದು ಕಮಿಷನ್. ಪಿಗ್ಮಿ ಕಟ್ಟಿಸಿಕೊಳ್ಳುವವರೂ ಹಾಗೆಯೇ. ನನಗೆ ನಗು ಬರುವುದು ಇಲ್ಲಿ. ಕಚೇರಿಯಾಚೆಗೆ ಬ್ಯಾಂಕಿನ ಕೆಲಸ ಮಾಡುವುದನ್ನು ಕೋವಿಡ್ ಕಲಿಸಿತು ಎನ್ನುತ್ತಾರೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ತಂದಿತ್ತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವನೇ ಬಾಗಿಲಿಗೆ ಬಂದು ಇಸಿದುಕೊಂಡು ಹೋಗುತ್ತಿದ್ದ. ಅವನಿಗೆ ಮೇಜಿಲ್ಲ, ಕುರ್ಚಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಅವನನ್ನು ಉಳಿಸಿಕೊಳ್ಳಬೇಕೆಂದು ಯಾರೂ ಸಭೆ ನಡೆಸಲಿಲ್ಲ. ಈ ಸಂಗ್ರಾಹಕರೂ ಕೆಲಸಗಾರರೇ, ಅವರ ಕಮಿಷನ್ನೂ ಕೂಲಿಯೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು; ಆದರೆ ಬ್ಯಾಂಕಿನ ಕಾಯಂ ನೌಕರರಾಗಿ ಅವರನ್ನು ಸೇರಿಸಿಕೊಳ್ಳಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ಒಳಗೂ ಅಲ್ಲ, ಹೊರಗೂ ಅಲ್ಲ. ಆದರೂ ಹೋಗಲಿಲ್ಲ.

ತುರುವೇಕೆರೆ ಬಸ್ ಸ್ಟ್ಯಾಂಡಿನ ಸುತ್ತ ಪಿಗ್ಮಿ ಕಟ್ಟಿಸುತ್ತಿದ್ದ ಒಬ್ಬರನ್ನು ನಾನು ಪ್ಯಾಂಟು ಹಾಕಲು ಕಲಿತ ಕಾಲದಿಂದ ನೋಡಿದ್ದೇನೆ. ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು. ಹೂವಿನಂಗಡಿ, ತಟ್ಟೆ ಇಡ್ಲಿ ಹೋಟೆಲು, ಪಂಕ್ಚರ್ ಅಂಗಡಿ, ಗಂಗಾಧರೇಶ್ವರ ದೇವಸ್ಥಾನದ ಬೀದಿಯ ಮನೆಗಳು, ಹೀಗೆ ಅವರ ಸುತ್ತು. ಆ ದೇವಸ್ಥಾನದ ನುಣುಪಾದ ಕರಿಕಲ್ಲಿನ ನಂದಿಯನ್ನು ಬಿಟ್ಟರೆ ಊರಿನಲ್ಲಿ ವರ್ಗಾವಣೆಯಾಗದೆ ಉಳಿದವರು ಇವರೊಬ್ಬರೇ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮೂರು ದಿನ ಒಂದು ಅಂಗಡಿಯ ಪಿಗ್ಮಿ ಬರಲಿಲ್ಲವೆಂದರೆ ಮನೆಗೆ ಹೋಗಿ ಯಾರಿಗೆ ಜ್ವರ ಎಂದು ವಿಚಾರಿಸುವರು. ಯಾರಿಗೆ ಸಾಲ ಕೊಡಬಹುದು ಎನ್ನುವುದಕ್ಕೆ ಈಗ ಸಿಬಿಲ್ ಅಂಕ ನೋಡುತ್ತಾರೆ. ನಮ್ಮ ಮ್ಯಾನೇಜರುಗಳು ಅವರ ಮುಖ ನೋಡುತ್ತಿದ್ದರು. ಮುಖ ತಿರುಗಿಸಿದರೆ ಅರ್ಜಿ ವಾಪಸ್ಸು.

ಇನ್ನೊಬ್ಬರು ಚಿನ್ನ ನೋಡುವ ಆಚಾರ್ರು. ಅವರಿಗೂ ಸಂಬಳವಿಲ್ಲ, ಸಾಲಕ್ಕಿಷ್ಟು ಎಂದು. ಶಾಖೆಯ ಮೂಲೆಯಲ್ಲಿ ಒಂದು ಸ್ಟೂಲು, ಒರೆಗಲ್ಲು, ಪುಟ್ಟ ತಕ್ಕಡಿ. ಮ್ಯಾನೇಜರಿಗೆ ಗಿರಾಕಿಯ ಹೆಸರು ಗೊತ್ತಿರುತ್ತದೆ, ಆಚಾರ್ರಿಗೆ ಅವರ ಸರ, ಓಲೆ, ಬಳೆ ಗೊತ್ತಿರುತ್ತವೆ. ಜೂನಿನಲ್ಲಿ ಶಾಲೆ ಫೀಜಿಗೆ ಬರುವುದು ಯಾವುದು, ಕೊಬ್ಬರಿ ರೇಟು ಬಿದ್ದ ವರ್ಷ ಬರುವುದು ಯಾವುದು, ಗೌರಿ ಹಬ್ಬಕ್ಕೆ ಬಿಡಿಸಿಕೊಂಡು ಹೋಗಿ ಹಬ್ಬ ಮುಗಿದ ಮಾರನೇ ದಿನ ಮರಳಿ ಬರುವುದು ಯಾವುದು, ಎಲ್ಲ ಬಾಯಿಪಾಠ. ನಮ್ಮ ಅಕ್ಕನ ಕಾಸಿನ ಸರವನ್ನು ಅವರು, ‘ಇದು ನನಗಿಂತ ಸೀನಿಯರ್ ಸಾ’ ಎನ್ನುತ್ತಿದ್ದರು. ಅಕ್ಕನ ಕೊರಳಿಗಿಂತ ನಮ್ಮ ಲಾಕರಿನಲ್ಲೇ ಅದು ಹೆಚ್ಚು ಕಾಲ ಇತ್ತೆಂಬುದು ನಿಜ.

ಅಕ್ಕನ ಮಗನ ವಿಷಯಕ್ಕೆ ಬರುತ್ತೇನೆ. ಕೋವಿಡ್ ಇಳಿದ ಮೇಲೆ ಬ್ಯಾಂಕು ಮೆತ್ತಗೆ ಕರೆಯತೊಡಗಿತು. ಮೊದಲು ವಾರಕ್ಕೆ ಎರಡು ದಿನ ಬಂದು ಹೋಗಿ, ಆಮೇಲೆ ಮೂರು. ಪರದೇಶದ ದೊಡ್ಡ ಬ್ಯಾಂಕುಗಳ ಯಜಮಾನರಿಗೆ ಈ ಮನೆಯ ಕೆಲಸ ಎಂದೂ ಹಿಡಿಸಿರಲಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್‌ನ ಡೇವಿಡ್ ಸಾಲಮನ್ 2021ರಲ್ಲೇ ಇದೊಂದು ದಾರಿ ತಪ್ಪಿದ ಏರ್ಪಾಟು, ಆದಷ್ಟು ಬೇಗ ಸರಿಪಡಿಸುತ್ತೇವೆ ಎಂಬರ್ಥದ ಮಾತಾಡಿದ್ದರು. ಜೆ.ಪಿ. ಮಾರ್ಗನ್ 2025ರ ಮಾರ್ಚಿನಿಂದ ವಾರಕ್ಕೆ ಐದೂ ದಿನ ಬನ್ನಿ ಎಂದಿತು. ಇದೇ ಹೊತ್ತಿಗೆ ನಮ್ಮ ಸರ್ಕಾರಿ ಬ್ಯಾಂಕಿನ ಯೂನಿಯನ್ನುಗಳು, 2015ರಿಂದ ಸಿಗುತ್ತಿರುವ ಎರಡನೇ, ನಾಲ್ಕನೇ ಶನಿವಾರದ ರಜೆ ಸಾಲದು, ವಾರಕ್ಕೆ ಐದೇ ದಿನ ಮಾಡಿ ಎಂದು ಮುಷ್ಕರದ ಕರೆ ಕೊಟ್ಟಿದ್ದವು. ಇನ್ನು ಐದು ದಿನ ಬರಬೇಕಾಗುತ್ತದಲ್ಲ ಎಂದು ಅಕ್ಕನ ಮಗ ಅಳುತ್ತಿದ್ದ. ಐದೇ ದಿನ ಆಗಲಿ ಎಂದು ನನ್ನ ಹಳೆಯ ಗೆಳೆಯರು ಬಾವುಟ ಹಿಡಿದಿದ್ದರು. ಇಬ್ಬರೂ ನನಗೇ ಫೋನು ಮಾಡುತ್ತಿದ್ದರು, ಇಬ್ಬರಿಗೂ ‘ನ್ಯಾಯ ಕಣಪ್ಪ’ ಎಂದೆ.

ಮೊದಮೊದಲು ಅವನು ಹೋಗಿಬಂದು ಮಾಡಿದ, ಆಮೇಲೆ ಬೆಂಗಳೂರಿನಲ್ಲಿ ಪಿಜಿ ಹಿಡಿದ. ಬಿಡುವ ಹಾಗಿರಲಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ತಿಪಟೂರಿನ ಹರಾಜಿನಲ್ಲಿ ಕೂಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕೆಳಗೆ. ರೈತರು ಬೀದಿಗಿಳಿದಿದ್ದರು. ಅಟ್ಟದ ತುಂಬ ಕಾಯಿ ಇಟ್ಟುಕೊಂಡು ಭಾವ ನೆಫೆಡ್ ಖರೀದಿಯ ನೋಂದಣಿಗೆ ಸಾಲುಗಟ್ಟಿ ನಿಂತರು. ಆ ವರ್ಷ ತೋಟಕ್ಕೆ ಗೊಬ್ಬರ ಹಾಕಿಸಿದ್ದು, ಆಳಿಗೆ ಕೂಲಿ ಕೊಟ್ಟದ್ದು ಪರದೇಶದ ಬ್ಯಾಂಕು. ಹುಡುಗರು ಯಾಕೆ ಉಳಿಯುತ್ತಾರೆ, ಯಾಕೆ ಬಿಡುತ್ತಾರೆ ಎಂದು ಆ ಬ್ಯಾಂಕಿನವರು ಪ್ರಶ್ನಾವಳಿ ಹಂಚಿ, ಬಣ್ಣಬಣ್ಣದ ನಕ್ಷೆ ಬರೆಸುತ್ತಾರಂತೆ. ತಿಪಟೂರು ಎಪಿಎಂಸಿಯ ರೇಟು ಕೇಳಿದ್ದರೆ ಸಾಕಿತ್ತು.

ಅದೇ ಸಮಯದಲ್ಲಿ ಅವನ ತಂಡದಿಂದ ಸಾಲಾಗಿ ಜನ ಬಿಟ್ಟರು. ಹೆದರಿದ ಕಂಪನಿ ಉಳಿದವರಿಗೆ ಒಂದು ಇಡಿಗಂಟು ಕೊಟ್ಟಿತು. ಇಂತಿಷ್ಟು ಕಾಲ ಇದ್ದರೆ ನಿನ್ನದು, ನಡುವೆ ಬಿಟ್ಟರೆ ಪೂರ್ತಿ ವಾಪಸ್ಸು ಕೊಡಬೇಕು ಎಂಬ ಕರಾರು. ಹುಡುಗ ಆ ದುಡ್ಡಿನಲ್ಲಿ ಮೊದಲು ಮಾಡಿದ ಕೆಲಸ ತಾಯಿಯ ಕಾಸಿನ ಸರ ಬಿಡಿಸಿದ್ದು. ಅಕ್ಕ ಒಂದು ಯುಗಾದಿ, ಒಂದು ಗೌರಿ, ಎರಡು ಮದುವೆಗೆ ಅದನ್ನು ಹಾಕಿಕೊಂಡಳು. ಮೂರನೆಯ ಮದುವೆಗೆ ಇರಲಿಲ್ಲ.

2025ರ ಬೆಂಬಲ ಬೆಲೆ 12,100. ಆದರೆ ಆ ವರ್ಷ ಅದನ್ನು ಕೇಳುವವರಿಲ್ಲ. ಜೂನ್ ಜುಲೈ ಹೊತ್ತಿಗೆ ತಿಪಟೂರಿನ ಹರಾಜು ಅದರ ಎರಡರಷ್ಟನ್ನು ದಾಟಿತು. ಎಳನೀರಿಗೂ ಎಲ್ಲಿಲ್ಲದ ಬೆಲೆ. ಗಿಡದಲ್ಲಿ ಕಾಯಿ ಕಡಿಮೆ, ಅದಕ್ಕೇ ರೇಟು ಎಂದು ಭಾವ ಗೊಣಗಿದರೂ ಮುಖದಲ್ಲಿ ಬೇರೆ ಕಳೆ ಇತ್ತು. ಅದೇ ಹೊತ್ತಿಗೆ ಹುಡುಗನ ಬ್ಯಾಂಕು ಐದೂ ದಿನ ಬಾ, ಬಾಗಿಲಲ್ಲಿ ಬೆರಳೊತ್ತಿ ಒಳಗೆ ಬಾ ಎಂದಿತು. ಅವನು ಒಂದು ದಿನ ಹರಾಜಿನ ರೇಟು ನೋಡಿಕೊಂಡು ರಾಜೀನಾಮೆ ಕಳಿಸಿದ. ಹೊರಡುವ ಮುಂಚೆ ಅವನನ್ನು ಕೂರಿಸಿಕೊಂಡು, ಏನು ಮಾಡಿದ್ದರೆ ನೀನು ಉಳಿಯುತ್ತಿದ್ದೆ ಎಂದು ಕೇಳಿದರಂತೆ. ‘ಏಣಿ ಜಾಗ ಬದಲಾಯಿಸಿ ಅಂದಿದ್ರೂ ಬದಲಾಯಿಸ್ತಿದ್ದೆ ಮಾವ, ಅವ್ರಿಗೆ ಹೆಂಗೆ ಹೇಳೋದು’ ಎಂದ ನನ್ನ ಹತ್ತಿರ. ಈಗ ಇನ್ನೊಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ. ಸಂಬಳ ಕಡಿಮೆ. ಮಂಗ ಬಂದರೆ ಎದ್ದು ಹೋಗುತ್ತಾನೆ.

ಕರಾರಿನ ಅವಧಿ ಮುಗಿಯಲು ಇನ್ನೂ ಕೆಲವು ತಿಂಗಳಿದ್ದವು. ಇಡಿಗಂಟು ವಾಪಸ್ಸು ಕಟ್ಟಬೇಕಲ್ಲ. ಕೊಬ್ಬರಿ ಇನ್ನೂ ಅಟ್ಟದಲ್ಲಿ, ಆದದ್ದು ಅರ್ಧ ಮಾತ್ರ. ಅಕ್ಕ ಮಾತಾಡದೆ ಸರ ಬಿಚ್ಚಿದಳು. ನಾನು ಜೊತೆಗೆ ಹೋದೆ. ನಿವೃತ್ತನಾದವನಿಗೆ ಶಾಖೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ಹಕ್ಕಂತೂ ಇದೆ. ಮ್ಯಾನೇಜರ್ ಹೊಸಬರು, ಒಡಿಶಾ ಕಡೆಯವರು, ಬಂದು ತಿಂಗಳಾಗಿರಲಿಲ್ಲ. ಕನ್ನಡವನ್ನು ಒಂದೊಂದೇ ಪದ ಎತ್ತಿಟ್ಟು ಮಾತಾಡುತ್ತಿದ್ದರು, ಆಸೆಯಿಂದಲೇ.

ಆಚಾರ್ರು ಸರವನ್ನು ದೂರದಿಂದಲೇ ನೋಡಿ, ‘ಬಂದ್ಯಾ ತಾಯಿ’ ಎಂದರು. ನಮ್ಮಕ್ಕನಿಗೋ ಸರಕ್ಕೋ ತಿಳಿಯಲಿಲ್ಲ. ತೂಕ ನೋಡದೆ ಚೀಟಿಯಲ್ಲಿ ಗ್ರಾಂ ಬರೆದರು.

‘ತೂಕ ಮಾಡಿಲ್ಲ’ ಎಂದರು ಮ್ಯಾನೇಜರ್.

‘ಇದ್ರ ತೂಕ ನಂಗೊತ್ತು ಸಾ.’

‘ನಿಯಮ ಇದೆ.’

ಆಚಾರ್ರು ನಿಟ್ಟುಸಿರು ಬಿಟ್ಟು ತಕ್ಕಡಿಗಿಟ್ಟರು. ಅವರು ಬರೆದದ್ದೇ ಬಂತು. ಮ್ಯಾನೇಜರ್ ಅವರನ್ನು ಒಮ್ಮೆ, ತಕ್ಕಡಿಯನ್ನು ಒಮ್ಮೆ ನೋಡಿ, ಅರ್ಜಿ ಎಳೆದುಕೊಂಡರು. ‘ಉದ್ದೇಶ?’

ಹುಡುಗ ಇದ್ದದ್ದು ಇದ್ದ ಹಾಗೆ ಹೇಳಿದ. ‘ಬ್ಯಾಂಕಿಗೆ ದುಡ್ಡು ಕಟ್ಟೋದಕ್ಕೆ.’

‘ಯಾವ ಬ್ಯಾಂಕು? ನಮ್ಮ ಬ್ಯಾಂಕಾ?’

‘ಅಲ್ಲ ಸಾರ್, ಬೇರೆ ಬ್ಯಾಂಕು. ಕೆಲಸ ಬಿಟ್ಟಿದ್ದಕ್ಕೆ.’

ಮ್ಯಾನೇಜರಿಗೆ ತಮ್ಮ ಕನ್ನಡದ ಮೇಲೆಯೇ ಅನುಮಾನ ಬಂತು. ನನ್ನ ಕಡೆ ನೋಡಿದರು. ನಾನು ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಕಂಪ್ಯೂಟರಿನಲ್ಲಿ ಹುಡುಕಿದರು. ಉದ್ದೇಶಗಳ ಪಟ್ಟಿಯಲ್ಲಿ ಕೃಷಿ, ವಿದ್ಯಾಭ್ಯಾಸ, ವೈದ್ಯಕೀಯ ಎಲ್ಲ ಇತ್ತು, ಇದಿರಲಿಲ್ಲ. ಕೊನೆಗೆ ಆಚಾರ್ರೇ ಸ್ಟೂಲಿನಿಂದ, ‘ಪಾಣಿ ಐತೇನಮ್ಮ? ತ್ವಾಟದ್ದು?’ ಎಂದರು. ಅಕ್ಕ ಚೀಲದಿಂದ ಪಹಣಿ ತೆಗೆದಳು, ಅವಳು ಯಾವಾಗಲೂ ತರುತ್ತಾಳೆ. ಕೃಷಿ ಎಂದಾದರೆ ಬಡ್ಡಿಯೂ ಕಡಿಮೆ. ಮ್ಯಾನೇಜರ್ ಮುಖ ಅರಳಿತು. ‘ತೆಂಗು, ಗೊಬ್ಬರ’ ಎಂದು ಪಠಿಸುತ್ತಾ ತಾವೇ ತುಂಬಿಕೊಂಡರು: ತೆಂಗಿನ ತೋಟಕ್ಕೆ ಗೊಬ್ಬರ ಹಾಕಿಸುವ ಸಲುವಾಗಿ. ಮಗ ಸಹಿ ಮಾಡಿದ. ಅಕ್ಕನೂ ಮಾಡಿದಳು.

ಹೊರಗೆ ಬಂದ ಮೇಲೆ ಅಕ್ಕ ಎದುರಿನ ಗೊಬ್ಬರದ ಅಂಗಡಿಯ ಕಡೆ ತಿರುಗಿದಳು. ‘ಏ, ಬರ್ರೋ ಇಬ್ರೂ. ಹೆಂಗೂ ಬರ್ಕಂಡವ್ರೆ, ಎರಡ್ ಮೂಟೆನಾದ್ರೂ ಹಾಕ್ಸ್ಕಂಡ್ ಹೋಗನ.’